ದೋಷವನ್ನು ಅದರ ಹೆಸರಿನಿಂದಲೇ ಹಿಡಿಯಿರಿ
(ಕಂಪ್ಯೂಟರ್ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ನಿಮ್ಮಲ್ಲಿ ಹಲವರು ಪೈಥಾನ್ ಕಲಿತು, ಅಂಕಿ-ಅಂಶಗಳ ಕೆಲಸಕ್ಕೆ ಪಾಂಡಾಸ್ ಲೈಬ್ರರಿಯನ್ನು ಬಳಸುತ್ತಿದ್ದೀರಿ. ಅದರ ಒಂದು ಸಣ್ಣ ವಿಷಯವನ್ನಷ್ಟೇ ಇಂದು ಹೇಳುತ್ತೇನೆ. ಸಣ್ಣದಾದರೂ ಒಂದು ಮಗುವಿನ ವಿದ್ಯಾರ್ಥಿವೇತನ ಅದನ್ನು ಅವಲಂಬಿಸಿರಬಹುದು.

ಇಪ್ಪತ್ತು ಶಾಲೆಗಳಿಂದ ವಿದ್ಯಾರ್ಥಿವೇತನದ ಅರ್ಜಿಗಳು ಸಿ.ಎಸ್.ವಿ. ಕಡತಗಳಾಗಿ ಬಂದಿವೆ ಎಂದುಕೊಳ್ಳಿ. ಎಲ್ಲವನ್ನೂ ಓದಿ ಒಟ್ಟುಗೂಡಿಸುವ ಪ್ರೋಗ್ರಾಂ ನಿಮ್ಮದು. ಒಂದು ಶಾಲೆಯ ಗುಮಾಸ್ತರು ಒಬ್ಬಳ ವಿಳಾಸವನ್ನು ಮನೆ ನಂ. 4, ಎರಡನೇ ಅಡ್ಡರಸ್ತೆ ಎಂದು ಹಾಗೆಯೇ ಟೈಪು ಮಾಡಿದ್ದಾರೆ, ಉದ್ಧರಣ ಚಿಹ್ನೆ ಹಾಕಿಲ್ಲ. ಸಿ.ಎಸ್.ವಿ.ಯಲ್ಲಿ ಅಲ್ಪವಿರಾಮವೆಂದರೆ ಹೊಸ ಕಾಲಂ. ಐದು ಕಾಲಂ ಇರಬೇಕಾದ ಸಾಲಿನಲ್ಲಿ ಆರಾಯಿತು. ಪಾಂಡಾಸ್ ಅಲ್ಲೇ ನಿಂತು ಪಾರ್ಸರ್‌ಎರರ್ ಎನ್ನುತ್ತದೆ. ಬರೀ ಎನ್ನುವುದಲ್ಲ, 14ನೇ ಸಾಲಿನಲ್ಲಿ 5 ಇರಬೇಕಿತ್ತು, 6 ಕಂಡವು ಎಂದು ಲೆಕ್ಕವನ್ನೂ ಕೊಡುತ್ತದೆ. ಇಷ್ಟು ಒಳ್ಳೆಯ ದೂರುದಾರ ನಮಗೆ ಕಚೇರಿಗಳಲ್ಲೂ ಸಿಗುವುದಿಲ್ಲ!

ಆದರೆ ಕೆಂಪಕ್ಷರ ಕಂಡು ಗಾಬರಿಯಾದವರು ಬರೀ ‘ಎಕ್ಸೆಪ್ಟ್’, ಅದರ ಕೆಳಗೆ ‘ಪಾಸ್’ ಎಂದು ಬರೆದುಬಿಡುತ್ತಾರೆ. ಪ್ರೋಗ್ರಾಂ ಸದ್ದಿಲ್ಲದೆ ಮುಗಿಯುತ್ತದೆ. ಆ ಇಡೀ ಶಾಲೆ ಪಟ್ಟಿಯಿಂದ ಹೊರಗುಳಿಯುತ್ತದೆ. ಒಟ್ಟು ಮೊತ್ತ ಬಂದಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೆಟ್ಟ ಸಾಲುಗಳನ್ನು ಬಿಟ್ಟು ಮುಂದೆ ಹೋಗು ಎಂದು ಪಾಂಡಾಸ್‌ಗೆ ಹೇಳುವ ಸೌಲಭ್ಯವೂ ಇದೆ. ಅದರಿಂದ ಶಾಲೆ ಉಳಿಯುತ್ತದೆ, ಆ ಹುಡುಗಿ ಮಾತ್ರ ಬಿಟ್ಟುಹೋಗುತ್ತಾಳೆ. ನನ್ನ ಮಟ್ಟಿಗೆ ಇದು ಇನ್ನೂ ಅಪಾಯಕಾರಿ.

2017ರ 0.20ನೇ ಆವೃತ್ತಿಯಿಂದ ಇಂಥ ಎಕ್ಸೆಪ್ಶನ್‌ಗಳು ‘ಪಾಂಡಾಸ್ ಡಾಟ್ ಎರರ್ಸ್’ ಎಂಬಲ್ಲಿ ಸಿಗುತ್ತವೆ. ಅಲ್ಲಿಂದ ಪಾರ್ಸರ್‌ಎರರ್, ಎಂಪ್ಟಿಡೇಟಾಎರರ್ ಎರಡನ್ನೂ ಇಂಪೋರ್ಟ್ ಮಾಡಿಕೊಂಡು ಪ್ರತ್ಯೇಕವಾಗಿ ಹಿಡಿಯಿರಿ. ಎರಡೂ ಪೈಥಾನಿನ ವ್ಯಾಲ್ಯೂಎರರ್‌ನ ಮಕ್ಕಳು. ವ್ಯಾಲ್ಯೂಎರರನ್ನು ಮೇಲೆ ಬರೆದರೆ ಮಕ್ಕಳ ಸರದಿ ಬರುವುದೇ ಇಲ್ಲ. ಆದ್ದರಿಂದ ಮಕ್ಕಳು ಮೊದಲು, ತಂದೆ ಆಮೇಲೆ.

ಎಂಪ್ಟಿಡೇಟಾಎರರ್ ಬರುವುದು ಕಡತದಲ್ಲಿ ಏನೇನೂ ಇಲ್ಲದಿದ್ದಾಗ. ಶೀರ್ಷಿಕೆಯ ಸಾಲೊಂದಿದ್ದರೂ ದೋಷ ಬರುವುದಿಲ್ಲ, ಖಾಲಿ ಕೋಷ್ಟಕ ಸಿಗುತ್ತದೆ. ಮೊದಲನೆಯದು ಕಳುಹಿಸುವಾಗ ಹಾಳಾದ ಕಡತವಿರಬಹುದು. ಎರಡನೆಯದು ಅರ್ಜಿಯೇ ಬಾರದ ಶಾಲೆಯಿರಬಹುದು.

ಇನ್ನೊಂದು ಮಾತು. ಸಾಲಿನಲ್ಲಿ ಕಾಲಂ ಹೆಚ್ಚಾದರೆ ಪಾಂಡಾಸ್ ಕೂಗುತ್ತದೆ, ಕಡಿಮೆಯಾದರೆ ಕೂಗುವುದಿಲ್ಲ. ಖಾಲಿ ಗುರುತು ತುಂಬಿ ಮುಂದೆ ಹೋಗುತ್ತದೆ. ಅಲ್ಲಿ ಹಿಡಿಯಲು ಎಕ್ಸೆಪ್ಶನ್ನೇ ಇಲ್ಲ. ಹೆಸರು, ಆದಾಯ, ಬ್ಯಾಂಕ್ ಖಾತೆಯ ಕಾಲಂಗಳಲ್ಲಿ ಖಾಲಿ ಎಷ್ಟಿವೆ ಎಂದು ನೀವೇ ಎಣಿಸಬೇಕು.

ಹಿಡಿದ ದೋಷವನ್ನು ಏನು ಮಾಡುವುದು? ಕಡತದ ಹೆಸರನ್ನೂ ಪಾಂಡಾಸ್ ಕೊಟ್ಟ ಸಂದೇಶವನ್ನೂ ಬೇರೊಂದು ಪಟ್ಟಿಗೆ ಬರೆಸಿ, ಉಳಿದ ಶಾಲೆಗಳ ಕೆಲಸ ಮುಂದುವರಿಸಿ. ಮರುದಿನ ಬೆಳಿಗ್ಗೆ ಆ ಪಟ್ಟಿ ಹಿಡಿದು ಶಾಲೆಗೆ ಫೋನ್ ಮಾಡಿ, ‘14ನೇ ಸಾಲಿನ ವಿಳಾಸ ನೋಡಿ ಸರ್’ ಎಂದರೆ ಗುಮಾಸ್ತರು ಎರಡು ನಿಮಿಷದಲ್ಲಿ ಸರಿಪಡಿಸಿ ಕಳುಹಿಸುತ್ತಾರೆ.