ಮರಿಬೆಕ್ಕಿಗೊಂದಿಷ್ಟು ಮರಳು

ಆಗತಾನೇ ಹುಟ್ಟಿದ ಬೆಕ್ಕಿನ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಕಣ್ಣು ತೆರೆಯಲು 7ರಿಂದ 14 ದಿನ ಬೇಕು, ಕಿವಿಯೂ ಮುಚ್ಚಿರುತ್ತದೆ. ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಇಷ್ಟು ಹಲವರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಮೊದಲ ಮೂರು ವಾರ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ಅದರ ಹಿಂಭಾಗವನ್ನು ನೆಕ್ಕಿ ಪ್ರಚೋದಿಸಬೇಕು. ಹೊರಬಂದದ್ದನ್ನು ತಾಯಿಯೇ ನೆಕ್ಕಿ ಮುಗಿಸುತ್ತದೆ. ಅಟ್ಟದ ಮೂಲೆಯಲ್ಲೋ ಸೌದೆಯ ರಾಶಿಯ ಹಿಂದೆಯೋ ಮರಿ ಹಾಕಿದ ಜಾಗದಲ್ಲಿ ವಾಸನೆ ಉಳಿಯದಿರುವುದು, ನಾಯಿಗೋ ಗಂಡುಬೆಕ್ಕಿಗೋ ಸುಳಿವು ಸಿಗದಿರುವುದು ಹೀಗೆ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಶರಣಾಗತಿಯನ್ನು ವಿವರಿಸಲು ಮಾರ್ಜಾಲ ಕಿಶೋರ ನ್ಯಾಯವನ್ನು ಹೇಳುತ್ತಾರೆ: ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಮರಿಯ ನಿಜವಾದ ಪರಾಧೀನತೆ ಆ ದೃಷ್ಟಾಂತ ಹೇಳುವುದಕ್ಕಿಂತಲೂ ಹೆಚ್ಚಿನದು.

ತಾಯಿಯಿಲ್ಲದ ಮರಿಯನ್ನು ಬದುಕಿಸಲು ಹೊರಟವರು ಮರೆಯುವುದೂ ಇದನ್ನೇ. ಹಾಲು ಕುಡಿಸಿ ಬೆಚ್ಚಗೆ ಮಲಗಿಸುತ್ತಾರೆ. ಮರಿ ಹೊಟ್ಟೆ ಉಬ್ಬಿಸಿಕೊಂಡು ಅರಚುತ್ತದೆ. ಪ್ರತಿ ಸಲ ಹಾಲು ಕುಡಿಸಿದ ಮೇಲೆ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಬೇಕು. ತಾಯಿಯ ನಾಲಿಗೆಯ ಕೆಲಸವನ್ನು ಹತ್ತಿ ಮಾಡುತ್ತದೆ. ಇನ್ನು ಹಾಲಿನ ವಿಚಾರ. ಬೆಕ್ಕಿನ ಹಾಲಿಗೆ ಹೋಲಿಸಿದರೆ ಹಸುವಿನ ಹಾಲಿನಲ್ಲಿ ಪ್ರೋಟೀನು ಕಡಿಮೆ, ಲ್ಯಾಕ್ಟೋಸ್ ಸಕ್ಕರೆ ಹೆಚ್ಚು. ಅದನ್ನು ಕುಡಿದ ಮರಿಗೆ ಭೇದಿಯಾಗುವುದು ಸಾಮಾನ್ಯ. ಮರಿಬೆಕ್ಕಿಗೆಂದೇ ತಯಾರಿಸಿದ ಹಾಲಿನ ಪುಡಿ ಔಷಧಿ ಅಂಗಡಿಯಲ್ಲಿ ಸಿಗದಿದ್ದರೂ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಮರಿಯನ್ನು ಬೋರಲಾಗಿಟ್ಟೇ ಕುಡಿಸಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಮೈ ತಣ್ಣಗಾದ ಮರಿಗೆ ಮೊದಲು ಶಾಖ, ಆಮೇಲೆ ಹಾಲು.

ಮೂರನೆಯ ವಾರ ದಾಟಿ ನಾಲ್ಕಕ್ಕೆ ಕಾಲಿಡುವಾಗ ಮರಿ ಸಡಿಲವಾದದ್ದನ್ನೆಲ್ಲ ಮುಂಗಾಲಿನಿಂದ ಕೆರೆಯತೊಡಗುತ್ತದೆ. ಇದನ್ನು ಯಾರೂ ಕಲಿಸಬೇಕಿಲ್ಲ. ಸಾಕುಬೆಕ್ಕಿನ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಸಡಿಲ ಮಣ್ಣು ಕಂಡರೆ ಕೆರೆದು ಗುಂಡಿ ತೋಡುವುದು, ಕೆಲಸ ಮುಗಿಸಿ ಮುಚ್ಚುವುದು ಆ ವಂಶದ ರೂಢಿ. ಹಿತ್ತಲಿದ್ದ ಮನೆಗಳಲ್ಲಿ ಒಲೆಯ ಬೂದಿ ಸುರಿಯುವ ಗುಂಡಿಯೇ ಬೆಕ್ಕಿನ ಶೌಚಾಲಯವಾಗಿತ್ತು. ಈಗಲೂ ಮನೆ ಕಟ್ಟಲು ಬೀದಿಯಲ್ಲಿ ಮರಳು ಸುರಿಸಿದ ರಾತ್ರಿಯೇ ಬೀದಿಯ ಬೆಕ್ಕುಗಳಿಗೆ ಸುದ್ದಿ ಮುಟ್ಟಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮಣ್ಣೆಂದು ಉಳಿದಿರುವುದು ಬಾಲ್ಕನಿಯ ತುಳಸಿ ಕುಂಡ ಮಾತ್ರ. ಅಲ್ಲಿ ಬೆಕ್ಕಿಗೆ ಬೇರೆ ಏರ್ಪಾಡಾಗದಿದ್ದರೆ ಕುಂಡ ಉಳಿಯುವುದಿಲ್ಲ.

ಆ ಏರ್ಪಾಡಿಗೆ ಅಂಗಡಿಯ ಸರಕಿನ ರೂಪ ಬಂದದ್ದು ಅಮೆರಿಕದಲ್ಲಿ, 1947ರಲ್ಲಿ. ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬ ವ್ಯಾಪಾರಿ, ಬೆಕ್ಕಿಗಾಗಿ ಮರಳು ಕೇಳಿಕೊಂಡು ಬಂದ ನೆರೆಯಾಕೆಗೆ ಎಣ್ಣೆ ಹೀರಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಹರಳು ಜೇಡಿಯನ್ನು ಕೊಟ್ಟ. ಇಲ್ಲಿ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಅದೇ ಜಾತಿಯ ಮಣ್ಣು. ಮೂತ್ರವನ್ನು ಹೀರಿ ವಾಸನೆ ತಗ್ಗಿಸಿದ ಆ ಹರಳನ್ನು ಲೋ ಚೀಲಗಳಲ್ಲಿ ತುಂಬಿ ಮಾರತೊಡಗಿದ. ಒದ್ದೆಯಾದೊಡನೆ ಗಟ್ಟಿ ಉಂಡೆಯಾಗುವ ಬೆಂಟೊನೈಟ್ ಜೇಡಿ ಬಳಕೆಗೆ ಬಂದದ್ದು ಬಹಳ ತಡವಾಗಿ, 1980ರ ದಶಕದಲ್ಲಿ. ಅದು ದೊಡ್ಡ ಬೆಕ್ಕಿಗೆ ಸರಿ, ಎಳೆಯ ಮರಿಗಲ್ಲ. ಮರಿ ಎಲ್ಲವನ್ನೂ ನೆಕ್ಕಿ ನೋಡುತ್ತದೆ. ಹೊಟ್ಟೆಯೊಳಗೂ ಅದು ಉಂಡೆಕಟ್ಟಬಹುದು. ಎರಡು ತಿಂಗಳು ತುಂಬುವವರೆಗೆ ಕಾಗದದ ಗುಳಿಗೆ, ಮರದ ಗುಳಿಗೆ ಅಥವಾ ಜರಡಿ ಹಿಡಿದ ಮರಳು ಸಾಕು.

ಮರಿ ಹತ್ತಿ ಇಳಿಯುವಷ್ಟು ತಗ್ಗಿನ ಅಂಚಿನ ಟ್ರೇ ಬೇಕು. ಅದನ್ನಿಡುವ ಜಾಗ ಊಟದ ಬಟ್ಟಲಿನಿಂದ ದೂರವಿರಬೇಕು. ಉಣ್ಣುವ ಕಡೆ ಹೊಲಸು ಮಾಡಲು ಬೆಕ್ಕು ಒಪ್ಪುವುದಿಲ್ಲ. ಗಡಗಡ ಎನ್ನುವ ವಾಷಿಂಗ್ ಮೆಷಿನ್ನಿನ ಪಕ್ಕವೂ ಬೇಡ. ನಿದ್ದೆಯಿಂದ ಎದ್ದೊಡನೆ, ಉಂಡ ಮೇಲೆ ಮರಿಯನ್ನು ಎತ್ತಿ ಟ್ರೇಯಲ್ಲಿ ಬಿಟ್ಟರೆ ಒಂದೆರಡು ದಿನದಲ್ಲೇ ಜಾಗ ಗುರುತಾಗುತ್ತದೆ. ಮನೆಯಲ್ಲಿರುವ ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಲಿ ಎನ್ನುವುದು ಪಶುವೈದ್ಯರ ಲೆಕ್ಕ. ಸಣ್ಣ ಮನೆಯಲ್ಲಿ ಇದು ಕಷ್ಟವೇ. ಆಗ ದಿನಕ್ಕೆರಡು ಸಲ ಗಲೀಜು ತೆಗೆಯುವುದೊಂದೇ ದಾರಿ.

ತೊಳೆಯಲು ಸೋಪು, ಬಿಸಿನೀರು ಸಾಕು. ನಮ್ಮ ಮನೆಗಳ ನೆಲ ಒರೆಸುವ ಫಿನಾಯಿಲ್ ಮಾತ್ರ ಬೆಕ್ಕಿನ ಬಳಿ ಸುಳಿಯಬಾರದು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ಪಾದಕ್ಕಂಟಿದ್ದನ್ನು ನೆಕ್ಕಿದರೂ ವಿಷ. ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವುದಕ್ಕೂ ಕಾರಣ ಇದೇ ಕೊರತೆ. ದಿನವೂ ಟ್ರೇ ಶುಚಿ ಮಾಡುವುದರಿಂದ ಮನುಷ್ಯರಿಗೂ ಲಾಭವಿದೆ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಕೋಶಗಳು ಬೆಕ್ಕಿನ ಮಲದಲ್ಲಿದ್ದರೂ ಸೋಂಕು ತಗಲಿಸುವ ಹದಕ್ಕೆ ಬರಲು ಅವಕ್ಕೆ 1ರಿಂದ 5 ದಿನ ಬೇಕು. ಅಷ್ಟರೊಳಗೆ ಮಲ ಮನೆಯಿಂದಾಚೆ ಹೋಗಿರಬೇಕು. ಗರ್ಭಿಣಿಯರಿರುವ ಮನೆಯಲ್ಲಿ ಈ ಕೆಲಸವನ್ನು ಬೇರೆಯವರು ವಹಿಸಿಕೊಳ್ಳುವುದು ಒಳ್ಳೆಯದು. ಬೆಕ್ಕನ್ನೇ ಮನೆಯಿಂದ ಅಟ್ಟುವ ಅಗತ್ಯವಿಲ್ಲ.

ಟ್ರೇ ಇದ್ದೂ ಮರಿ ಹಾಸಿಗೆಯ ಮೇಲೋ ಮೂಲೆಯಲ್ಲೋ ಗಲೀಜು ಮಾಡಿದರೆ, ಮೂಗನ್ನು ಅದಕ್ಕೆ ಉಜ್ಜಿ ಹೊಡೆಯುವ ಪದ್ಧತಿ ಕೆಲವು ಕಡೆ ಇದೆ. ಅದು ಕ್ರೂರ, ನಿಷ್ಫಲವೂ ಹೌದು. ಮರಿ ಕಲಿಯುವುದು ಹೊಡೆದವರಿಗೆ ಹೆದರಿ ಸೋಫಾದ ಹಿಂದೆ ಕದ್ದು ಮಾಡುವುದನ್ನು. ಟ್ರೇ ಕೊಳೆಯಾಗಿರಬಹುದು, ಸುವಾಸನೆ ಬೆರೆಸಿದ ಹರಳು ಅದಕ್ಕೆ ಹಿಡಿಸದಿರಬಹುದು, ಜಂತುಹುಳು ಇರಬಹುದು. ಆರು ತಿಂಗಳು ತುಂಬುವ ಹೊತ್ತಿಗೆ ಗಂಡುಬೆಕ್ಕು ಬಾಲ ನಿಗುರಿಸಿ ಗೋಡೆಗೆ ಮೂತ್ರ ಚಿಮ್ಮಿಸಿದರೆ ಅದು ಟ್ರೇಯ ತಕರಾರಲ್ಲ, ತನ್ನ ಗಡಿ ಗುರುತಿಸುವ ಕ್ರಮ; ಸಂತಾನಹರಣ ಚಿಕಿತ್ಸೆಯಿಂದ ಬಹುಪಾಲು ನಿಲ್ಲುತ್ತದೆ. ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿಯೂ ಮೂತ್ರ ಬಾರದಿದ್ದರೆ, ಅದರಲ್ಲೂ ಗಂಡುಬೆಕ್ಕಾದರೆ, ಮೂತ್ರನಾಳ ಕಟ್ಟಿರುವ ಸಾಧ್ಯತೆಯಿದೆ. ಮರುದಿನಕ್ಕೆ ಕಾಯುವಂತಿಲ್ಲ. ಹೆಸರು ದನದ ಆಸ್ಪತ್ರೆಯಾದರೂ ಊರಿನ ಸರ್ಕಾರಿ ಪಶು ಚಿಕಿತ್ಸಾಲಯದಲ್ಲಿ ಬೆಕ್ಕನ್ನೂ ನೋಡುತ್ತಾರೆ.