ಅಗ್ಗದ ಕ್ಯಾಮೆರಾ, ತುಟ್ಟಿಯ ನೋಟ

ತರೀಕೆರೆ ಸಮೀಪದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅದರ ಮಂಟಪದ ಹೊರಗೋಡೆಯ ಮೇಲೆ ರಾಮಾಯಣ, ಕೃಷ್ಣಲೀಲೆ, ಮಹಾಭಾರತಗಳ 140 ಶಿಲ್ಪಫಲಕಗಳಿವೆ. ಒಂದು ಕಾಲಕ್ಕೆ ನಮ್ಮ ಮಧ್ಯಮವರ್ಗದ ಮನೆಗಳಿಗೆ ಚಿರಪರಿಚಿತವಾಗಿದ್ದ ಆಗ್ಫಾ ಕ್ಲಿಕ್-3 ಕ್ಯಾಮೆರಾದಲ್ಲಿ ಒಂದು ರೀಲಿಗೆ 12 ಚಿತ್ರಗಳು ಮಾತ್ರ. ಫಲಕಗಳನ್ನೆಲ್ಲ ಸೆರೆಹಿಡಿಯಬೇಕೆಂದರೆ 12 ರೀಲುಗಳು ಬೇಕು!

ಈ ಲೆಕ್ಕದ ಹಿಂದೆ ಹಳೆಯದೊಂದು ವ್ಯಾಪಾರನೀತಿಯಿದೆ. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಹೊರತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. ಅದು ಉಳ್ಳವರ ವಸ್ತು. 1900ರಲ್ಲಿ ಅವನ ಸಂಸ್ಥೆಯೇ ಮಕ್ಕಳನ್ನೂ ಗಮನದಲ್ಲಿಟ್ಟುಕೊಂಡು ‘ಬ್ರೌನಿ’ಯನ್ನು ಒಂದೇ ಡಾಲರಿಗೆ ಮಾರಿತು. ನಿಜವಾದ ಲಾಭ ಮತ್ತೆ ಮತ್ತೆ ಕೊಳ್ಳಬೇಕಾದ ಫಿಲ್ಮಿನಲ್ಲಿತ್ತು. ದೀಪವನ್ನು ಅಗ್ಗಕ್ಕೆ ಕೊಟ್ಟು ಎಣ್ಣೆಯಲ್ಲಿ ಗಳಿಸುವ ಜಾಣ್ಮೆಯಿದು.

ಮುಂದೆ ಆ ಎಣ್ಣೆಯ ಮೇಲೆಯೇ ಕಾಲು ಜಾರಿತು. 1975ರಲ್ಲಿ ಕೊಡಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮಿಲ್ಲದ ಡಿಜಿಟಲ್ ಕ್ಯಾಮೆರಾವನ್ನು ರೂಪಿಸಿದರು. ಆದರೆ ಫಿಲ್ಮಿನ ಲಾಭವನ್ನು ಬಿಡಲು ಹಿಂದೇಟು ಹಾಕಿದ ಸಂಸ್ಥೆ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು.

ಆದರೂ ಆ ಹಳೆಯ ಮಿತಿಯಲ್ಲಿ ನನಗೊಂದು ಗುಣ ಕಾಣುತ್ತದೆ. ಹನ್ನೆರಡೇ ಚಿತ್ರಗಳಿದ್ದಾಗ, ಯಾವುದನ್ನು ಆರಿಸಬೇಕೆಂದು ಗೋಡೆಯುದ್ದಕ್ಕೂ ನಡೆದು, ನಿಂತು, ಹೋಲಿಸಿ ನೋಡಬೇಕಿತ್ತು. ವ್ಯಾಪಾರಿಯ ಲೆಕ್ಕಾಚಾರ ತಾನರಿಯದೆಯೇ ರಸಿಕನಿಗೆ ವಿವೇಕವನ್ನು ಕಲಿಸಿತು. ಇಂದು ಮೊಬೈಲಿನಲ್ಲಿ 140 ಫಲಕಗಳನ್ನೂ ಖರ್ಚಿಲ್ಲದೆ ತುಂಬಿಕೊಳ್ಳಬಹುದು. ಆದರೆ ರೂವಾರಿ ಮಲ್ಲಿತಮ್ಮ ದುಡಿದ ಆ ಗುಡಿಯ ಮುಂದೆ ನಿಂತು ನೋಡುವ ಹೊತ್ತನ್ನು ಯಾವ ಕಂಪನಿಯೂ ಮಾರುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.