ಸೆರೆಯಿಂದ ಮರಳಿದವನು



ಶಿಕ್ಷೆ ಅನುಭವಿಸಿ ಬಂದವನು ಮತ್ತೆ ಕದಿಯುವುದೇಕೆಂದು ನಾವು ಅಚ್ಚರಿಪಡುತ್ತೇವೆ. ಮೂಡಿಗೆರೆ, ಕಳಸಗಳ ಕಾಫಿತೋಟಗಳಲ್ಲಿ ಲೈನಿನಲ್ಲಿರುವ ಆಳಿಗೆ ಕೆಲಸ ತಪ್ಪಿತೆಂದರೆ ವಾಸದ ಕೋಣೆಯೂ ತಪ್ಪಿತು. ಒಂದು ಮೂಟೆ ಕರಿಮೆಣಸು ಕದ್ದು ಸೆರೆಮನೆಗೆ ಹೋದವನು ಮರಳಿದಾಗ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುವುದಿಲ್ಲ. ನೆರೆಯ ತೋಟಗಳಿಗೂ ಸುದ್ದಿ ಮುಟ್ಟಿರುತ್ತದೆ. ಆಗ ಅವನನ್ನು ಆದರದಿಂದ ಕರೆಯುವವನು, ಕಳವಿನ ಮಾಲನ್ನು ಅರೆಬೆಲೆಗೆ ಕೊಂಡು ಶಿಕ್ಷೆಯಿಂದ ನುಣುಚಿಕೊಂಡ ವ್ಯಾಪಾರಿ ಮಾತ್ರ!

1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಂತೆ, ಮೊದಲ ಬಾರಿ ತಪ್ಪಿದವನನ್ನು ಸೆರೆಗೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯವು ಬಿಡಬಹುದು. ಆದರೆ ಅವನಿಗಾಗಲಿ ಅವನ ಜಾಮೀನುದಾರನಿಗಾಗಲಿ ಆ ಪ್ರದೇಶದಲ್ಲಿ ಖಾಯಂ ವಾಸವೋ ನಿಯತ ಉದ್ಯೋಗವೋ ಇರಬೇಕು. ಆಳಿನ ಬಳಿ ಅವೆರಡೂ ಉಳಿದಿರುವುದಿಲ್ಲ. ತೋಟ, ಮನೆ ಉಳ್ಳ ನಮ್ಮಲ್ಲಿ ಯಾರಾದರೂ ಜಾಮೀನು ನಿಲ್ಲಬೇಕಾಗುತ್ತದೆ.